ಖಣದ ಕೌದಿಗೆ ಒಪ್ಪುವ ಮಾದರಿ ಮತ್ತು ಅಂಚು
(ಮಹಿಳಾ ಮಂಡಳದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರ, ಗೊಬ್ಬರದ ಗುಂಡಿ ಎಂದು ಮಾತನಾಡಬೇಕಾದವನು ಇಂದು ಕೌದಿಯ ವಿಷಯ ಎತ್ತಿಕೊಂಡಿದ್ದಾನೆಂದು ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ನಗಲು ಅಡ್ಡಿಯಿಲ್ಲ. ಆದರೆ ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪು ಆಗಿದೆ. ಅದನ್ನು ನಾಲ್ಕು ಜನರ ಮುಂದೆ ಹೇಳಿದರೆ ಇನ್ನೊಂದು ಮನೆಯ ಖಣವಾದರೂ ಉಳಿದೀತೆಂದು ಹೇಳುತ್ತಿದ್ದೇನೆ.

ಹಳೆಯ ಸೀರೆ, ಧೋತರಗಳಿಂದ ಕೌದಿ ಹೊಲಿಯುವುದನ್ನು ನಿಮಗೆ ಯಾರೂ ಕಲಿಸಬೇಕಾದುದಿಲ್ಲ. ನೀವೇ ನನಗೆ ಕಲಿಸಬಲ್ಲಿರಿ. ತೊಡಕು ಬರುವುದು ಪೆಟ್ಟಿಗೆಯ ತಳದಲ್ಲಿರುವ ಖಣಗಳಿಗೆ. ಉಡಿ ತುಂಬುವಾಗ ಬಂದದ್ದು, ಕುಬಸದ ಕಾರ್ಯದಲ್ಲಿ ಬಂದದ್ದು, ಮದುವೆಯಲ್ಲಿ ಬೀಗರು ಕೊಟ್ಟದ್ದು, ಹೀಗೆ ಪ್ರತಿ ಮನೆಯಲ್ಲಿಯೂ ಹತ್ತಾರು ಖಣ ಕೂಡಿರುತ್ತವೆ. ಒಂದು ಕೆಂಪು, ಒಂದು ಹಸಿರು, ಒಂದು ನವಿಲುಕಂಠದ ಬಣ್ಣ. ಒಂದರಲ್ಲಿ ತೇರು, ಇನ್ನೊಂದರಲ್ಲಿ ರುದ್ರಾಕ್ಷಿ, ಮತ್ತೊಂದರಲ್ಲಿ ಸೂಜಿ ಮಲ್ಲಿಗೆ. ಒಂದೊಂದನ್ನೇ ಹಿಡಿದು ನೋಡಿದರೆ ಕಣ್ಣಿಗೆ ಹಬ್ಬ. ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಜಗಳ. ಆದುದರಿಂದಲೇ ಅವು ಕೌದಿಗೆ ಬಾರದೆ, ಕುಪ್ಪಸಕ್ಕೂ ಹೋಗದೆ, ಮಡಿಕೆಯ ಗೆರೆಯಲ್ಲಿ ಹರಿದುಹೋಗುತ್ತವೆ.

ಕಳೆದ ವರ್ಷ ನಮ್ಮ ಒಂದು ಹಳ್ಳಿಯಲ್ಲಿ ಒಬ್ಬ ತಾಯಿ ತಮ್ಮ ತೀರಿಹೋದ ಅವ್ವನ ಪೆಟ್ಟಿಗೆ ತೆರೆದರು. ಅದರಲ್ಲಿ ೧೭ ಖಣಗಳಿದ್ದವು. ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿನೊಡನೆ ಅವಳನ್ನು ಗಂಡನ ಮನೆಗೆ ಕಳಿಸುವಾಗ ಅಜ್ಜಿಯ ಖಣಗಳ ಕೌದಿ ಕೊಟ್ಟು ಕಳಿಸಬೇಕೆಂದು ಅವರ ಆಸೆ. ನಾನು ಆ ದಿನ ತೊಗರಿಯ ಕೀಡೆ ನೋಡಲು ಹೋದವನು. ನನ್ನಲ್ಲಿ ಹೊಲಿಗೆಯ ಚಿತ್ರಗಳಿದ್ದ ಒಂದು ಪುಸ್ತಕವಿತ್ತು. ಅದರಲ್ಲಿದ್ದ ಎಂಟು ಮೂಲೆಯ ನಕ್ಷತ್ರವನ್ನು ತೋರಿಸಿ, "ಇದನ್ನು ಮಾಡಿರಿ, ಚೆಂದ ಕಾಣುತ್ತದೆ" ಎಂದುಬಿಟ್ಟೆ. ಅವರು ನನ್ನ ಮಾತು ನಂಬಿ ಮೂರು ಖಣಗಳನ್ನು ತ್ರಿಕೋನಗಳಾಗಿ ಕತ್ತರಿಸಿದರು.

ಆಮೇಲೆ ಆದದ್ದನ್ನು ಕೇಳಿರಿ. ಬಟ್ಟೆಯನ್ನು ಎಳೆಯ ನೇರಕ್ಕೆ ಕತ್ತರಿಸಿದರೆ ಅದು ಹಿಗ್ಗುವುದಿಲ್ಲ, ಓರೆಯಾಗಿ ಕತ್ತರಿಸಿದರೆ ಹಿಗ್ಗುತ್ತದೆ. ತ್ರಿಕೋನಕ್ಕೆ ಒಂದಾದರೂ ಓರೆ ಬದಿ ಇದ್ದೇ ಇರುತ್ತದೆ. ಅದರಲ್ಲಿಯೂ ಗುಳೇದಗುಡ್ಡದ ಹಳೆಯ ಖಣವೆಂದರೆ ರೇಷ್ಮೆಯ ಹಾಸು, ಹತ್ತಿಯ ಹೊಕ್ಕು. ಬುಟ್ಟಾದ ಎಳೆಗಳು ಬಟ್ಟೆಯ ಮೇಲೆ ಸಡಿಲವಾಗಿ ಹಾದುಹೋಗಿರುತ್ತವೆ. ಕತ್ತರಿ ತಾಗಿದ ಕೂಡಲೇ ಅಂಚು ಬಿಚ್ಚಿಕೊಳ್ಳಲು ಮೊದಲಾಯಿತು. ಎರಡು ದಿನ ಕೂತು ಹೊಲಿದರೂ ನಕ್ಷತ್ರ ಮೂಡಲಿಲ್ಲ, ಏಕೆಂದರೆ ತೇರು ಮತ್ತು ರುದ್ರಾಕ್ಷಿಗಳ ಗದ್ದಲದಲ್ಲಿ ನಕ್ಷತ್ರದ ಗೆರೆ ಎಲ್ಲಿಂದ ಕಂಡೀತು? ಆ ತಾಯಿ ನನಗೆ ಒಂದು ಮಾತೂ ಆಡಲಿಲ್ಲ. ತುಂಡುಗಳನ್ನು ಮಡಿಸಿ ಮತ್ತೆ ಪೆಟ್ಟಿಗೆಗೆ ಇಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ದಾರಿ ತೋರಿಸಿದವರು ಅವರ ಅತ್ತೆ. ಪಡಸಾಲೆಯಲ್ಲಿ ಕೂತು ಎಲೆ-ಅಡಿಕೆ ಹಾಕಿಕೊಳ್ಳುತ್ತಿದ್ದ ಆ ಮುದುಕಿ ನನ್ನನ್ನು ಕರೆದು, "ತಮ್ಮಾ, ಹೊಲದಾಗ ನಡುನಡುವ ಅಕ್ಕಡಿ ಸಾಲು ಹಾಕಂತ ನೀನ ಹೇಳತಿ. ಇದಕ್ಕೂ ಒಂದು ಸಾಲು ಬಿಟ್ಟು ಹಚ್ಚಬಾರದೇನು?" ಎಂದರು. ಕೃಷಿ ಡಿಪ್ಲೊಮಾ ಓದಿದ ನನಗೆ ಹೊಳೆಯದ ಮಾತು!

ಆ ಮಾತಿನಂತೆ ನಾವು ಮಾಡಿದ ಕ್ರಮವನ್ನು ಈಗ ತಿಳಿಸುತ್ತೇನೆ. ಬಟ್ಟೆಯಲ್ಲಿಯೇ ಚಿತ್ರ ತುಂಬಿರುವಾಗ ಕೌದಿಯ ಮಾದರಿ ಆದಷ್ಟು ಸಾದಾ ಇರಬೇಕು. ದೊಡ್ಡ ಚೌಕ, ನಡುವೆ ಒಂದೇ ಬಣ್ಣದ ಪಟ್ಟಿ, ಇಷ್ಟೇ. ಬರಿಯ ಬಣ್ಣದ ಬಟ್ಟೆ ಇದ್ದರೆ ತ್ರಿಕೋನ, ನಕ್ಷತ್ರ ಏನನ್ನಾದರೂ ಮಾಡಿರಿ. ಖಣಕ್ಕೆ ಮಾತ್ರ ಬೇಡ.

ಕತ್ತರಿ ಮುಟ್ಟುವ ಮೊದಲು ಎಲ್ಲ ಬಟ್ಟೆಗಳನ್ನೂ ಬೇರೆ ಬೇರೆಯಾಗಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬೇಕು. ಹತ್ತಿ ಕುಗ್ಗುವಷ್ಟು ರೇಷ್ಮೆ ಕುಗ್ಗುವುದಿಲ್ಲ. ಕುಗ್ಗುವುದು ಹೊಲಿಗೆಗೆ ಮೊದಲೇ ಆಗಿಹೋಗಲಿ. ಒದ್ದೆ ಬಿಳಿ ಅರಿವೆಯಿಂದ ಖಣದ ಮೂಲೆಯನ್ನು ತಿಕ್ಕಿ ನೋಡಿರಿ. ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯಬೇಕು. ಅಷ್ಟಾದರೂ ಬಣ್ಣ ಬಿಡುವ ಖಣದ ಪಕ್ಕಕ್ಕೆ ಬಿಳಿ ಬಟ್ಟೆಯನ್ನು ಎಂದಿಗೂ ಹಚ್ಚಬೇಡಿರಿ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರೆ ಜೀರ್ಣವಾದ ಜಾಗ ಕಾಣುತ್ತದೆ. ಅಂಥ ಖಣವನ್ನು ಬಿಸಾಡಬೇಕಾಗಿಲ್ಲ, ಹಿಂದೆ ಮೆತ್ತನೆಯ ಹಳೆ ಧೋತರದ ಅಸ್ತರು ಕೊಟ್ಟರೆ ನಡೆಯುತ್ತದೆ. ಈಗ ಪಾಲಿಯೆಸ್ಟರ್ ನೂಲಿನ ಖಣಗಳೂ ಬರುತ್ತಿವೆ. ಅವುಗಳಿಗೆ ಬಿಸಿ ಇಸ್ತ್ರಿ ತಾಗಿಸಬಾರದು.

ಇನ್ನು ಜೋಡಣೆ. ಬಣ್ಣ ಬಣ್ಣಕ್ಕೆ ಹೊಂದಿಸಲು ಹೋದರೆ ತಲೆ ಕೆಡುತ್ತದೆ. ದಟ್ಟ ಯಾವುದು, ತಿಳಿ ಯಾವುದು ಎಂಬುದನ್ನಷ್ಟೇ ನೋಡಿರಿ. ದೀಪ ಹಚ್ಚುವ ಹೊತ್ತಿಗೆ, ಬಣ್ಣ ಸರಿಯಾಗಿ ಕಾಣದ ಮಬ್ಬಿನಲ್ಲಿ, ಖಣಗಳನ್ನು ನೆಲದ ಮೇಲೆ ಹಾಸಿ ಕಣ್ಣು ಅರ್ಧ ಮುಚ್ಚಿ ನೋಡಿದರೆ ಇದು ತಾನಾಗಿಯೇ ತಿಳಿಯುತ್ತದೆ. ಒಂದು ದಟ್ಟ, ಒಂದು ತಿಳಿ, ಹೀಗೆ ಇಡುತ್ತಾ ಹೋಗಬೇಕು. ಎಲ್ಲಕ್ಕಿಂತ ಝಗಝಗಿಸುವ ಖಣವನ್ನು ನಡುವೆ ಇಡಬೇಕೆಂದು ಮನಸ್ಸಾಗುತ್ತದೆ. ನನ್ನ ಮಾತು ಕೇಳುವುದಾದರೆ ಅದನ್ನು ಎರಡು ಮೂರು ಚೌಕಗಳಾಗಿ ಮಾಡಿ ದೂರ ದೂರ ಇಡಿರಿ. ಬುಟ್ಟಾಗಳ ಸಾಲು ಎಲ್ಲ ಚೌಕಗಳಲ್ಲಿಯೂ ಒಂದೇ ದಿಕ್ಕಿಗೆ ಇರಲಿ. ತೇರು ತಲೆಕೆಳಗಾಗಬಾರದು.

ಅಳತೆ ಹೀಗೆ. ಹೊಲಿದ ಮೇಲೆ ೯ ಅಂಗುಲ ಉಳಿಯುವ ಚೌಕಗಳು ೨೦ ಬೇಕು. ಅಡ್ಡ ೪, ಉದ್ದ ೫. ಖಣದ ಅಂಚು ಬಿಚ್ಚಿಕೊಳ್ಳುವುದರಿಂದ ಪ್ರತಿ ಬದಿಗೆ ಅರ್ಧ ಅಂಗುಲ ಒಳಮಡಿಕೆ ಬಿಟ್ಟು, ೧೦ ಅಂಗುಲಕ್ಕೆ ಕತ್ತರಿಸಬೇಕು. ಚೌಕಗಳ ನಡುವೆಯೂ ಸುತ್ತಲೂ ೨ ಅಂಗುಲದ ಪಟ್ಟಿ. ಆಗ ಅಗಲ ೪೬, ಉದ್ದ ೫೭ ಅಂಗುಲ ಆಗುತ್ತದೆ. ಪಟ್ಟಿಯ ಬಣ್ಣ ಯಾವುದಿರಬೇಕು? ಕಪ್ಪು ಅಥವಾ ದಟ್ಟ ನೀಲಿ, ಬುಟ್ಟಾ ಇಲ್ಲದ ಹತ್ತಿ ಬಟ್ಟೆ. ಹಳೆಯ ಚಂದ್ರಕಾಳಿ ಸೀರೆಯ ಒಡಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಬಿಳಿ ಪಟ್ಟಿಯನ್ನೂ ಹಾಕಿ ನೋಡಿದೆವು. ಖಣಗಳೆಲ್ಲ ಒಂದೊಂದು ದಿಕ್ಕಿಗೆ ಜಿಗಿದಂತೆ ಕಂಡು ತೆಗೆದುಬಿಟ್ಟೆವು.

ಅಂಚಿನ ವಿಷಯಕ್ಕೆ ಬರೋಣ. ಇಲ್ಲಿ ಅನೇಕರು ಮಾಡುವ ತಪ್ಪೆಂದರೆ, ಉಳಿದ ಖಣದ ತುಂಡುಗಳನ್ನೆಲ್ಲ ಸೇರಿಸಿ ಅಂಚು ಕಟ್ಟುವುದು. ಹೊಲದ ಸುತ್ತ ಒಂದೇ ಬದು ಇದ್ದಂತೆ ಕೌದಿಯ ಸುತ್ತ ಒಂದೇ ಬಟ್ಟೆ ಇರತಕ್ಕದ್ದು. ನಮ್ಮ ಭಾಗದಲ್ಲಿ ಇದಕ್ಕೆ ಇಳಕಲ್ಲ ಸೀರೆಯ ದಡಿಯೇ ಸರಿ. ಒಡಲು ಹರಿದರೂ ಅದರ ದಡಿ ಗಟ್ಟಿಯಾಗಿ ಉಳಿದಿರುತ್ತದೆ. ಗೋಮಿ ದಡಿಯಾಗಲಿ, ಪರಸಪೇಟೆ ದಡಿಯಾಗಲಿ, ೪ ಅಂಗುಲ ಕಾಣುವಂತೆ ಹಿಡಿಯಿರಿ. ದಡಿ ಸಣ್ಣದಿದ್ದರೆ ಒಡಲಿನ ಬಟ್ಟೆಯನ್ನೂ ಸೇರಿಸಿ ಕತ್ತರಿಸಿರಿ. ನಾಲ್ಕು ಬದಿಗೆ ಬೇಕಾಗುವ ಉದ್ದ ೨೦೬ ಅಂಗುಲ. ೬ ಗಜದ ಸೀರೆಯ ಒಂದು ಮಗ್ಗುಲಿನ ದಡಿ ೨೧೬ ಅಂಗುಲ ಇರುವುದರಿಂದ ಮಡಿಕೆಗೂ ಸಾಕಾಗುತ್ತದೆ. ಎರಡನೆಯ ಮಗ್ಗುಲಿನ ದಡಿ ಇನ್ನೊಂದು ಕೌದಿಗೆ ಉಳಿಯಿತು.

ದಡಿಯ ಉದ್ದವನ್ನು ಕೌದಿಯ ತುದಿಯಲ್ಲಿ ಅಳೆಯಬಾರದು. ತುದಿ ಹಿಗ್ಗಿರುತ್ತದೆ. ಕೌದಿಯ ನಡುಮಧ್ಯದಲ್ಲಿ ಅಳೆದು, ಅಷ್ಟೇ ಉದ್ದಕ್ಕೆ ದಡಿ ಕತ್ತರಿಸಿ, ತುದಿಯನ್ನು ಅದಕ್ಕೆ ಹೊಂದಿಸಿ ಹೊಲಿಯಬೇಕು. ಹೀಗೆ ಮಾಡದಿದ್ದರೆ ಹಾಸಿದಾಗ ಅಂಚು ಹಪ್ಪಳದಂತೆ ಏಳುತ್ತದೆ. ಮೂಲೆಯಲ್ಲಿ ದಡಿಯನ್ನು ಓರೆಯಾಗಿ ಮಡಿಸಿ ಕೂಡಿಸುವುದು ಕಠಿಣ, ಗೆರೆಗೆ ಗೆರೆ ಕೂಡುವುದಿಲ್ಲ. ನಾಲ್ಕು ಮೂಲೆಗೂ ಬೇರೆ ಬಟ್ಟೆಯ ಚೌಕವನ್ನು ಕೂಡಿಸಿಬಿಡಿರಿ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯನ್ನು ಇಲ್ಲಿ ನೆನೆಯಬೇಕು. ಅವರು ಚೌಕ, ಅಳತೆ ಎಂದು ಕೂರುವುದಿಲ್ಲ. ಒಂದು ಮೂಲೆಯಿಂದ ಹಿಡಿದು ಸುತ್ತುತ್ತಾ ಸಿಕ್ಕ ಬಟ್ಟೆ ಹಚ್ಚಿ ನಡುವಿಗೆ ಬಂದು ಮುಗಿಸುತ್ತಾರೆ. ಕಡೆಗೆ ಮೂಲೆಗಳಿಗೆ ಮಡಿಸಿದ ತ್ರಿಕೋನದ 'ಫುಲ' ಇಟ್ಟರೇ ಕವಂದಿ ಪೂರ್ಣ. ಅವರ ಕಣ್ಣಿನ ಪಳಗು ನಮಗಿಲ್ಲ. ಆದರೆ ಆ ಮೂಲೆಯ ತ್ರಿಕೋನ ನಮ್ಮ ಉಪಯೋಗಕ್ಕೆ ಬಂತು. ನನ್ನ ಮಾತಿನಿಂದ ಹಾಳಾಗಿದ್ದ ತುಂಡುಗಳಲ್ಲಿ ಎಂಟನ್ನು ಆರಿಸಿ, ಹಿಂದೆ ಧೋತರದ ಅಸ್ತರು ಕೊಟ್ಟು, ಎರಡೆರಡು ಕೂಡಿಸಿ ನಾಲ್ಕು ಮೂಲೆಗಳಿಗೆ ಕೂಡಿಸಿದರು. ಉಳಿದ ತ್ರಿಕೋನಗಳಿಂದ ಕೂಸಿಗೆ ಒಂದು ಕುಂಚಿಗೆ ಆಯಿತು.

ಒಳಗೆ ಎರಡು ಪದರ ಹಳೆಯ ಸೀರೆ, ಬೆನ್ನಿಗೆ ಒಂದು ಇಡೀ ಧೋತರ. ನಡುವಿನಿಂದ ಹೊರಕ್ಕೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳು ಸರಿಯದಂತೆ ಮಾಡಿಕೊಂಡು, ಬೆರಳಿನಗಲಕ್ಕೆ ಒಂದು ಸಾಲು ದಾರ ಹಾಕುತ್ತಾ ಹೋಗಬೇಕು. ಖಣದ ಮೇಲೆ ಹೂವಿನ ಹೊಲಿಗೆ ಕಾಣುವುದಿಲ್ಲ, ನೇರ ಸಾಲೇ ಸಾಕು.

ಗಂಡಸರಿಗೆ ಒಂದು ಮಾತು. ಕಣದಲ್ಲಿ, ಹೊಲದಲ್ಲಿ ಹೊದೆಯಲು ಈ ಕೌದಿಯನ್ನು ಒಯ್ಯಬೇಡಿರಿ. ಬೇಕಾದರೆ ನಿಮ್ಮ ಹಳೆಯ ಧೋತರಗಳನ್ನು ಈಗಲೇ ಮನೆಯಲ್ಲಿ ಕೊಡಿರಿ, ಅಸ್ತರಿಗೆ ಆಗುತ್ತವೆ.

ಆ ಮಗಳು ಕೂಸನ್ನು ಎತ್ತಿಕೊಂಡು ಹೋದ ದಿನ ನಾನು ಆ ಊರಿನಲ್ಲಿ ಇರಲಿಲ್ಲ. ೧೭ ಖಣಗಳಲ್ಲಿ ಕೆಡದೆ ಉಳಿದ ೧೪ರಿಂದ ೨೦ ಚೌಕ ತೆಗೆದು, ಉಳಿದ ಬಟ್ಟೆಯನ್ನು ಆ ತಾಯಿ ಮತ್ತೆ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದಾರೆ.

ಬರುವ ತಿಂಗಳ ಸಭೆಗೆ ನಿಮ್ಮಲ್ಲಿರುವ ಖಣಗಳನ್ನೂ ಒಂದು ಹಳೆಯ ದಡಿಯನ್ನೂ ತನ್ನಿರಿ. ಎಲ್ಲವನ್ನೂ ನೆಲದ ಮೇಲೆ ಹಾಸಿ ನೋಡೋಣ. ಆ ದಿನ ಕತ್ತರಿ ತರುವುದು ಬೇಡ.