ತರಗತಿಯಲ್ಲಿ ದೃಶ್ಯ ಕಲಿಕಾ ತಂತ್ರಾಂಶ: ಗ್ರಾಮ ಪಂಚಾಯತಿಯ ಹೊಣೆ

(ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನನ್ನದೇ ಒಂದು ತಪ್ಪನ್ನು ಒಪ್ಪಿಕೊಂಡು ಮಾತನ್ನು ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು ಕರ್ತವ್ಯದಲ್ಲಿದ್ದ ಪಂಚಾಯತಿಯಿಂದ ಒಂದು ಸರ್ಕಾರಿ ಪ್ರೌಢಶಾಲೆಗೆ ಪ್ರೊಜೆಕ್ಟರ್ ಮತ್ತು ಗಣಕಯಂತ್ರವನ್ನು ಒದಗಿಸಿದೆವು. ಟೇಪು ಕತ್ತರಿಸಿ ಛಾಯಾಚಿತ್ರ ತೆಗೆಸಿಕೊಂಡೆವು. ಬಳಕೆ ಪ್ರಮಾಣಪತ್ರಕ್ಕೆ ನಾನೇ ಸಹಿ ಮಾಡಿದೆ. ಎಂಟು ತಿಂಗಳ ತರುವಾಯ ಬೇರೊಂದು ಕೆಲಸಕ್ಕೆಂದು ಅಲ್ಲಿಗೆ ಹೋದಾಗ ಪ್ರೊಜೆಕ್ಟರಿನ ಮೇಲೆ ಟವೆಲ್ಲು ಹೊದಿಸಿತ್ತು. ಯಂತ್ರ ಕೆಟ್ಟಿರಲಿಲ್ಲ. ಕೊಠಡಿಯ ಪ್ಲಗ್ಗಿಗೆ ಅರ್ಥಿಂಗ್ ಇಲ್ಲದೆ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಕಿಟಕಿಗೆ ಪರದೆಯಿಲ್ಲದೆ ಹಗಲಿನಲ್ಲಿ ಚಿತ್ರ ಕಾಣುತ್ತಿರಲಿಲ್ಲ. ಪಾಸ್‌ವರ್ಡ್ ಬಲ್ಲ ಶಿಕ್ಷಕರು ವರ್ಗವಾಗಿ ಹೋಗಿದ್ದರು. ಇಂಜಿನಿಯರಿಂಗ್ ಓದಿದ ನಾನು ಖರೀದಿಗೆ ಮುನ್ನವೇ ಇವುಗಳನ್ನು ವಿಚಾರಿಸಬೇಕಾಗಿತ್ತು; ವಿಚಾರಿಸಲಿಲ್ಲ.

ಈ ಮೂರು ಕೊರತೆಗಳನ್ನು ನೀಗಿಸಲು ತಗುಲಿದ ವೆಚ್ಚ ಪ್ರೊಜೆಕ್ಟರಿನ ಬೆಲೆಯಲ್ಲಿ ಒಂದು ಸಣ್ಣ ಪಾಲು ಮಾತ್ರ. ಆ ಬಳಿಕ ಅಲ್ಲಿ ಒಂದು ಗಣಿತದ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆ. ಪಾದವೂ ಎತ್ತರವೂ ಒಂದೇ ಆಗಿರುವ ತ್ರಿಭುಜಗಳ ವಿಸ್ತೀರ್ಣ ಸಮನಾಗಿರುತ್ತದೆ ಎಂಬುದು ಅಂದಿನ ಪಾಠ. ಶಿಕ್ಷಕರು ಜಿಯೋಜೀಬ್ರಾ ತಂತ್ರಾಂಶದಲ್ಲಿ ತ್ರಿಭುಜದ ತುದಿಯನ್ನು ಪಾದಕ್ಕೆ ಸಮಾನಾಂತರವಾದ ರೇಖೆಯ ಮೇಲೆ ಎಳೆಯುತ್ತಾ ಹೋದರು. ಆಕೃತಿ ವಾಲಿತು, ಸೊಟ್ಟಗಾಯಿತು. ಮಗ್ಗುಲಲ್ಲಿದ್ದ ವಿಸ್ತೀರ್ಣದ ಅಂಕಿ ಮಾತ್ರ ಬದಲಾಗಲಿಲ್ಲ. ಒಬ್ಬ ಬಾಲಕಿ ಎದ್ದು ನಿಂತು, "ಸರ್, ಹಂಗಾದ್ರ ನಮ್ಮ ಸೊಟ್ಟ ಹೊಲಾನೂ ಕಾಕಾನ ಹೊಲದಷ್ಟ ಇರಬಹುದೇನ್ರಿ?" ಎಂದು ಕೇಳಿದಳು. ಮರುದಿನ ಶಿಕ್ಷಕರು ಅಳತೆಯ ಟೇಪು ಹಿಡಿದು ಮಕ್ಕಳನ್ನು ಕಬ್ಬಿನ ಹೊಲದ ಬದುವಿಗೆ ಕರೆದೊಯ್ದರು. ತೆರೆಯ ಮೇಲೆ ಕಂಡದ್ದು ಹೊಲದವರೆಗೆ ಹೋದಾಗಲೇ ಅದು ಕಲಿಕೆಯಾಗುತ್ತದೆ. ಅಲ್ಲಿಗೆ ಕರೆದೊಯ್ಯುವವರು ಶಿಕ್ಷಕರು. ಅವರ ಸ್ಥಾನವನ್ನು ಯಾವ ತಂತ್ರಾಂಶವೂ ತುಂಬಲಾರದು.

ಇಂಥ ತಂತ್ರಾಂಶಗಳಿಗೆ ಹೆಚ್ಚಿನ ಹಣ ಬೇಕೆಂಬ ಭಾವನೆ ನಮ್ಮಲ್ಲಿದೆ. ವಾಸ್ತವ ಹಾಗಿಲ್ಲ. ಆಸ್ಟ್ರಿಯ ದೇಶದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಅವರು ಆರಂಭಿಸಿದ ಜಿಯೋಜೀಬ್ರಾ ಶಾಲೆಗಳಿಗೆ ಉಚಿತ. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪ್ರಾರಂಭಿಸಿದ ಫೆಟ್ ಯೋಜನೆಯ ವಿಜ್ಞಾನ ಪ್ರಾತ್ಯಕ್ಷಿಕೆಗಳೂ ಉಚಿತ. ಹಲವು ಕನ್ನಡದಲ್ಲಿಯೇ ಇವೆ. ಅವುಗಳಲ್ಲೊಂದರಲ್ಲಿ ಮಗು ಬ್ಯಾಟರಿ, ಬಲ್ಬು, ತಂತಿಗಳನ್ನು ತಾನೇ ಜೋಡಿಸಬಹುದು. ತಪ್ಪು ಜೋಡಿಸಿದರೆ ಬೆಂಕಿ ತೆರೆಯ ಮೇಲಷ್ಟೇ ಏಳುತ್ತದೆ. ಒಮ್ಮೆ ಇಳಿಸಿಕೊಂಡರೆ ಇವೆರಡೂ ಅಂತರ್ಜಾಲವಿಲ್ಲದೆ ನಡೆಯುತ್ತವೆ. ಆದ್ದರಿಂದ ದುಬಾರಿ ಪರವಾನಗಿಯ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ, ಉಚಿತವಾಗಿ ದೊರೆಯದ ಯಾವುದನ್ನು ಇದು ಕೊಡುತ್ತದೆ ಎಂದು ತಾವು ಕೇಳಬೇಕು.

ನೋಡಿ ಕಲಿಯುವುದು ನಮ್ಮ ನಾಡಿಗೆ ಹೊಸತಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದಲ್ಲಿ ಆಯ್ಕೆಯಾದ ಜಿಲ್ಲೆಗಳಲ್ಲಿ ನಮ್ಮ ನೆರೆಯ ಅಂದಿನ ಬಿಜಾಪುರವೂ ಒಂದು. ಹಳ್ಳಿಯ ದೂರದರ್ಶನ ಪೆಟ್ಟಿಗೆ ಕೆಟ್ಟರೆ ದುರಸ್ತಿ ಮಾಡುವ ವ್ಯವಸ್ಥೆಯನ್ನೂ ಆ ಪ್ರಯೋಗದ ಅಂಗವನ್ನಾಗಿಯೇ ರೂಪಿಸಲಾಗಿತ್ತು. ನಾವು ಅನುಸರಿಸಬೇಕಾದ ಪಾಠ ಅದೇ. ಹುಕ್ಕೇರಿ ತಾಲ್ಲೂಕಿನವರಿಗಂತೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1969ರಲ್ಲಿ ಸ್ಥಾಪಿತವಾದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಮೂಲಕ ಊರೂರಿಗೆ ಬೆಳಕು ಹಂಚಿಕೊಂಡವರು ತಾವು. ಕಂಬ ನೆಟ್ಟ ಮೇಲೆ ತಂತಿಯನ್ನು ಕಾಯುವವರೂ ಬೇಕೆಂಬುದನ್ನು ತಾವು ಬಲ್ಲಿರಿ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವೂ ಸೇರಿದೆ. ಬೋಧನೆ ಶಿಕ್ಷಕರ ಕಾರ್ಯ. ಅದಕ್ಕೆ ಅನುವು ಮಾಡಿಕೊಡುವುದು ನಮ್ಮ ಕಾರ್ಯ. ಈ ದಿಸೆಯಲ್ಲಿ ನಾಲ್ಕು ಅಂಶಗಳನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ.

1. ಯಾವುದೇ ಉಪಕರಣವನ್ನು ಖರೀದಿಸುವ ಮೊದಲು ಕೊಠಡಿಯ ವೈರಿಂಗ್, ಅರ್ಥಿಂಗ್, ಕಿಟಕಿಯ ಪರದೆ ಮತ್ತು ಬೀಗವನ್ನು ಖುದ್ದಾಗಿ ಪರಿಶೀಲಿಸುವುದು.

2. ಮಾರ್ಗಸೂಚಿಗಳಿಗೆ ಒಳಪಟ್ಟು, ಖರೀದಿಯ ಜೊತೆಗೆ ಯುಪಿಎಸ್ ಬ್ಯಾಟರಿ ಹಾಗೂ ದುರಸ್ತಿಯ ವೆಚ್ಚವನ್ನೂ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದು.

3. ಪ್ರತಿ ಶಾಲೆಯಲ್ಲಿ ಕನಿಷ್ಠ ಇಬ್ಬರು ಶಿಕ್ಷಕರಿಗೆ ಬಳಕೆ ತಿಳಿದಿರುವಂತೆಯೂ, ಪಾಸ್‌ವರ್ಡ್ ಮುಖ್ಯೋಪಾಧ್ಯಾಯರ ಬಳಿ ಲಿಖಿತವಾಗಿ ಇರುವಂತೆಯೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮೂಲಕ ನೋಡಿಕೊಳ್ಳುವುದು.

4. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳನ್ನೇ ಕೇಳುವುದು: "ಕಳೆದ ತಿಂಗಳು ಇದರಲ್ಲಿ ಏನು ನೋಡಿದಿರಿ?" ದಾಸ್ತಾನು ವಹಿ ಯಂತ್ರ ಇದೆ ಎಂದಷ್ಟೇ ಹೇಳುತ್ತದೆ, ಅದು ನಡೆಯುತ್ತಿದೆಯೇ ಎಂಬುದನ್ನು ಮಕ್ಕಳು ಹೇಳುತ್ತಾರೆ.

ನಗರದ ಮಗುವಿಗೆ ಮನೆಯಲ್ಲಿಯೇ ಸಿಗುವ ಅನುಕೂಲ ನಮ್ಮ ಕೂಲಿ ಕಾರ್ಮಿಕರ ಮಗುವಿಗೆ ಸಿಗುವುದು ಸರ್ಕಾರಿ ಶಾಲೆಯ ಆ ಒಂದು ಕೊಠಡಿಯಲ್ಲಿ ಮಾತ್ರ. ಅಲ್ಲಿ ಯಂತ್ರದ ಮೇಲೆ ಟವೆಲ್ಲು ಬಿದ್ದಷ್ಟು ದಿನ ನಷ್ಟ ಆ ಮಗುವಿನದು. ತಾವು ಮುಂದಿನ ಬಾರಿ ಶಾಲೆಗೆ ಭೇಟಿ ನೀಡಿದಾಗ ದಯವಿಟ್ಟು ಆ ಟವೆಲ್ಲನ್ನು ತೆಗೆದು, ಸ್ವಿಚ್ಚು ಹಾಕಿ ನೋಡಿರಿ ಎಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.