ಕೊಯ್ದ ಹೂವಿನ ಬಾಳು



ಗಿಡದಿಂದ ಕತ್ತರಿಸಿದ ಹೂ ಆ ಕ್ಷಣವೇ ಸತ್ತಿತೆಂದು ನಮ್ಮಲ್ಲಿ ಬಹುಮಂದಿ ತಿಳಿದಿರುವರು. ಹೂದಾನಿಯಲ್ಲಿ ಅದು ನಾಲ್ಕು ದಿನ ನಿಂತರೆ ಪುಣ್ಯ, ಮರುದಿನವೇ ಬಾಡಿದರೆ ಹೂವಿನ ಸ್ವಭಾವವೆಂದು ಸುಮ್ಮನಾಗುವರು. ವಾಸ್ತವವು ಹಾಗಿಲ್ಲ. ಕೊಯ್ದ ಹೂ ಜೀವಂತವಾಗಿಯೇ ಇರುವುದು. ಅದು ಉಸಿರಾಡುವುದು, ಬೆವರುವುದು, ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ದಿನದಿನಕ್ಕೂ ವೆಚ್ಚಮಾಡುವುದು. ಅದಕ್ಕೆ ಇಲ್ಲದಿರುವುದು ಬೇರೊಂದೇ. ಆ ಬೇರಿನ ಕೆಲಸವನ್ನು ನಾವು ಎಷ್ಟು ಬೇಗ ವಹಿಸಿಕೊಳ್ಳುವೆವೆಂಬುದರ ಮೇಲೆ ಅದರ ಉಳಿದ ಬಾಳು ನಿಂತಿದೆ.

ಶಿವಮೊಗ್ಗದ ಹೂವಿನ ಪೇಟೆಯಲ್ಲಿ ಎರಡು ಬಗೆಯ ಹೂವನ್ನು ಕಾಣಬಹುದು. ಮಾರಿನ ಲೆಕ್ಕದಲ್ಲಿಯೋ ತೂಕದಲ್ಲಿಯೋ ಮಾರುವ ಸೇವಂತಿಗೆ, ಚೆಂಡುಹೂ, ಕನಕಾಂಬರ, ಮಲ್ಲಿಗೆಗಳು ಒಂದು ಬಗೆ. ದಂಟುಸಹಿತ ಕಟ್ಟಿ ತರುವ ಗುಲಾಬಿ, ಗ್ಲಾಡಿಯೋಲಸ್, ಜರ್ಬೆರ, ಆಂಥೂರಿಯಂಗಳು ಇನ್ನೊಂದು ಬಗೆ. ಸುಗಂಧರಾಜವು ಎರಡಕ್ಕೂ ಸೇರಿದುದು. ಮೊದಲನೆಯ ಬಗೆಯನ್ನು ಕಾಪಾಡುವ ವಿದ್ಯೆ ನಮ್ಮ ಹಿರಿಯರಿಗೆ ಚೆನ್ನಾಗಿ ತಿಳಿದಿತ್ತು. ಬಾಳೆಯ ಎಲೆಯಲ್ಲಿ ಸುತ್ತುವುದು, ಒದ್ದೆಯ ಬಟ್ಟೆ ಹೊದಿಸುವುದು, ನೆರಳಿನಲ್ಲಿಡುವುದು ಇವೆಲ್ಲ ಹೂ ಬೆವರುವುದನ್ನು ತಡೆಯುವ ಉಪಾಯಗಳೇ. ಎರಡನೆಯ ಬಗೆಗೆ ಇಷ್ಟೇ ಸಾಲದು. ಅದು ದಂಟಿನಿಂದ ನೀರು ಕುಡಿದು ಬಾಳುವ ಹೂ.

ಭದ್ರಾವತಿಯ ಸುತ್ತಿನಲ್ಲಿ, ಭದ್ರಾ ನಾಲೆಯ ನೀರಿನಿಂದ ಅರ್ಧ ಎಕರೆ ಸುಗಂಧರಾಜವನ್ನು ಬೆಳೆದ ಒಬ್ಬ ಒಕ್ಕಲಿಗನನ್ನು ಊಹಿಸಿಕೊಳ್ಳಿರಿ. ಆತನ ನೆರೆಯವನು ಅಡಕೆಯನ್ನು ಒಳ್ಳೆಯ ಧಾರಣೆ ಬರುವವರೆಗೂ ಮನೆಯಲ್ಲಿರಿಸಿಕೊಳ್ಳಬಲ್ಲನು, ಭತ್ತವೂ ಕಾಯುವುದು. ಹೂ ಕಾಯದು. ಅದು ಶಿವಮೊಗ್ಗಕ್ಕೆ ಹೋಗುವುದಾದರೆ ಒಂದು ಗಳಿಗೆಯ ದಾರಿ. ಬೆಂಗಳೂರಿಗೆ ಹೋಗುವುದಾದರೆ ಇಡೀ ರಾತ್ರಿಯ ಪ್ರಯಾಣ. ದಾರಿಯಲ್ಲಿ ಬಾಡಿದ ಕಟ್ಟಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಆದರೆ ಕೊಯ್ದವರ ಕೂಲಿಯನ್ನೂ ಬಂಡಿಯ ಬಾಡಿಗೆಯನ್ನೂ ಕೊಟ್ಟೇ ತೀರಬೇಕು. ಈ ನಷ್ಟದ ಬಹುಭಾಗವು ಆಗುವುದು ಬಸ್ಸಿನಲ್ಲಿ ಅಲ್ಲ, ಹೊಲದಲ್ಲಿಯೇ ಎಂಬುದನ್ನು ಒತ್ತಿ ಹೇಳಬೇಕಾಗಿದೆ.

ಏಕೆಂದರೆ, ದಂಟಿನೊಳಗೆ ಕೂದಲೆಳೆಯಂತಹ ಸಣ್ಣ ನಾಳಗಳುಂಟು. ಅವುಗಳಲ್ಲಿ ನೀರು ಎಳೆದು ಕಟ್ಟಿದ ದಾರದಂತೆ ನಿಂತಿರುವುದು. ಕತ್ತರಿಸಿದೊಡನೆ ಆ ದಾರ ತುಂಡಾಗಿ, ತುದಿಯಲ್ಲಿ ಗಾಳಿ ಹೊಗುವುದು. ಹೂ ಒಣಗಿಕೊಂಡೇ ಬಿದ್ದಿದ್ದರೆ ಗಾಳಿ ಮತ್ತಷ್ಟು ಮೇಲೇರುವುದು. ಆಮೇಲೆ ಕೊಡದಷ್ಟು ನೀರಿನಲ್ಲಿಟ್ಟರೂ ಅದು ಬಾಯಾರಿಯೇ ಇರುವುದು. ಗುಲಾಬಿಯು ಅರಳದೆಯೇ ಕುತ್ತಿಗೆ ಬಾಗಿಸುವುದು ಸಾಮಾನ್ಯವಾಗಿ ಇದರಿಂದಲೇ.

ಆದುದರಿಂದ ಕೊಯ್ಲು ನಸುಕಿನಲ್ಲಿ, ಇಲ್ಲವೆ ಬಿಸಿಲು ತಗ್ಗಿದ ಸಂಜೆಯಲ್ಲಿ ಆಗಬೇಕು. ಉಷ್ಣವು ೧೦ ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿದರೆ ಹೂವಿನ ಉಸಿರಾಟ ಎರಡು ಮೂರು ಪಟ್ಟಾಗುವುದು. ಚೈತ್ರ ವೈಶಾಖಗಳ ಮಧ್ಯಾಹ್ನದಲ್ಲಿ ಕೊಯ್ದ ಹೂ ಪೇಟೆಗೆ ಮುಟ್ಟುವ ಮೊದಲೇ ತನ್ನ ಆಯುಷ್ಯವನ್ನು ಅರ್ಧ ಕಳೆದುಕೊಂಡಿರುವುದು ಆಶ್ಚರ್ಯವಲ್ಲ. ಕೊಯ್ಯುವವನ ಪಕ್ಕದಲ್ಲಿಯೇ ತೊಳೆದ ಬಕೆಟ್ಟಿನಲ್ಲಿ ಶುದ್ಧವಾದ ನೀರಿರಬೇಕು. ಕತ್ತಿ ಹರಿತವಾಗಿರಬೇಕು. ೧೯೨೩ರಲ್ಲಿಯೇ ಇದ್ದಲಿನ ಕುಲುಮೆಯಿಂದ ಕಬ್ಬಿಣವನ್ನಿಳಿಸಿದ ಭದ್ರಾವತಿಯವರಿಗೆ ಹರಿತದ ವಿಷಯವನ್ನು ಹೇಳುವುದು ಅಧಿಕಪ್ರಸಂಗವೆಂದು ತೋರಬಹುದು. ಆದರೂ ಮೊಂಡು ಕತ್ತರಿಯಿಂದ ದಂಟನ್ನು ಜಜ್ಜುವವರು ಈಗಲೂ ಇರುವರು. ಜಜ್ಜಿದ ನಾಳ ನೀರು ಎಳೆಯಲಾರದು.

ಯಾವ ಹದದಲ್ಲಿ ಕೊಯ್ಯಬೇಕೆಂಬುದು ಹೂವಿಗೊಂದು ಬಗೆ. ಗ್ಲಾಡಿಯೋಲಸ್ಸಿನ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದರೆ ಸಾಕು. ಸುಗಂಧರಾಜದ ದಂಟನ್ನು ಕೆಳಗಿನ ಜೊತೆ ಅರಳಿದಾಗ ಕೊಯ್ಯುವರು. ಸೇವಂತಿಗೆ, ಜರ್ಬೆರಗಳು ಮಾತ್ರ ಗಿಡದಲ್ಲಿಯೇ ಅರಳಬೇಕು.

ಇನ್ನೊಬ್ಬ ಶತ್ರುವು ಕಣ್ಣಿಗೆ ಕಾಣನು. ಮಲೆನಾಡಿನಲ್ಲಿ ಬಾಳೆಯ ಗೊನೆಯನ್ನು ಮುಚ್ಚಿದ ಕೋಣೆಯಲ್ಲಿ ಹೊಗೆಯಿಟ್ಟು ಹಣ್ಣುಮಾಡುವುದನ್ನು ತಾವೆಲ್ಲರೂ ಬಲ್ಲಿರಿ. ಆ ಹೊಗೆಯಲ್ಲಿ ಎಥಿಲೀನ್ ಎಂಬ ಅನಿಲವಿರುವುದು. ಹಣ್ಣಾಗುವ ಬಾಳೆ, ಸೇಬುಗಳೂ ಅದನ್ನೇ ಹೊರಸೂಸುವುವು. ೧೯೦೧ರಲ್ಲಿ ರಷ್ಯದ ನೆಲ್ಯುಬಫ್ ಎಂಬ ಶಾಸ್ತ್ರಜ್ಞನು, ದೀಪದ ಅನಿಲದಿಂದ ಬಟಾಣಿಯ ಮೊಳಕೆಗಳು ವಕ್ರವಾಗುವುದಕ್ಕೆ ಇದೇ ಕಾರಣವೆಂದು ತೋರಿಸಿದನು. ಬಾಳೆಯನ್ನು ಮಾಗಿಸುವ ಈ ಅನಿಲವೇ ಕಾರ್ನೇಷನ್ ಹೂವನ್ನು ಮುದುರಿಸುವುದು, ನಮ್ಮ ಸೀತಾಳೆಯ ಬಳಗದ ಆರ್ಕಿಡ್ಡುಗಳನ್ನು ಬಾಡಿಸುವುದು. ಹಣ್ಣಿನ ಮಂಡಿಯ ಪಕ್ಕದಲ್ಲಿ ಹೂವಿನ ಕಟ್ಟನ್ನಿಳಿಸಬಾರದು. ಮನೆಯಲ್ಲಿಯೂ ಹಣ್ಣಿನ ತಟ್ಟೆ ಒಂದು ಮೂಲೆಗಿರಲಿ, ಹೂದಾನಿ ಇನ್ನೊಂದು ಮೂಲೆಗಿರಲಿ.

ಈಗ ಗೃಹಿಣಿಯರ ಪ್ರಶ್ನೆಗೆ ಬರೋಣ. ನೀರಿಗೆ ತಾಮ್ರದ ಕಾಸು ಹಾಕಬೇಕೆ? ಈಗಿನ ರೂಪಾಯಿ ತುಕ್ಕುಹಿಡಿಯದ ಉಕ್ಕಿನದು. ಅದರಿಂದ ಹೂವಿಗೆ ಲಾಭವಿಲ್ಲ. ಸಕ್ಕರೆಯೊಂದನ್ನೇ ಹಾಕುವುದಂತೂ ಕೇಡು. ಹೂವಿಗಿಂತ ಮೊದಲು ಅದನ್ನುಣ್ಣುವುವು ಸೂಕ್ಷ್ಮಜೀವಿಗಳು. ಅವು ಬೆಳೆದು ಲೋಳೆಗಟ್ಟಿ ದಂಟಿನ ಬಾಯನ್ನು ಮುಚ್ಚುವುವು. ಒಂದು ಲೀಟರ್ ನೀರಿಗೆ ಎರಡು ಚಮಚೆ ಸಕ್ಕರೆ, ಎರಡು ಚಮಚೆ ನಿಂಬೆಯ ರಸ, ಬಟ್ಟೆಗೆ ಹಾಕುವ ಬ್ಲೀಚಿನ ದ್ರವ ಕಾಲು ಚಮಚೆ, ಈ ಮೂರೂ ಒಟ್ಟಿಗೆ ಇದ್ದರೆ ಪ್ರಯೋಜನವುಂಟು. ಸಕ್ಕರೆ ಆಹಾರ, ಹುಳಿಯು ನೀರು ಸರಾಗವಾಗಿ ಏರಲು, ಬ್ಲೀಚು ಲೋಳೆಯ ನಿವಾರಣೆಗೆ. ನಿಂಬೆಯ ರಸವನ್ನೂ ಬ್ಲೀಚನ್ನೂ ನೀರಿಲ್ಲದೆ ಬೆರೆಸಕೂಡದು, ವಿಷವಾಯು ಏಳುವುದು.

ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಬಿಡಿಸಿರಿ. ಜರ್ಬೆರಕ್ಕೆ ನಾಲ್ಕು ಅಂಗುಲ ನೀರು ಸಾಕು. ಅದರ ರೋಮಭರಿತವಾದ ದಂಟು ಬೇಗ ಕೊಳೆಯುವುದು. ಶೀತಪೆಟ್ಟಿಗೆ ಎಲ್ಲಕ್ಕೂ ಹಿತವೆಂದು ಭಾವಿಸದಿರಿ. ಗುಲಾಬಿಗೆ ಅದು ಹಿತವೇ, ಆದರೆ ಅಡಕೆಯ ತೋಟದ ನೆರಳಿನಲ್ಲಿ ಬೆಳೆಯುವ ಆಂಥೂರಿಯಂ ಉಷ್ಣದೇಶದ್ದಾದುದರಿಂದ ಅಲ್ಲಿ ಕಪ್ಪಾಗುವುದು. ಅದನ್ನು ತಂಪಾದ ಕೋಣೆಯಲ್ಲಿಟ್ಟರೆ ಎರಡು ಮೂರು ವಾರಗಳವರೆಗೆ ನಿಲ್ಲುವುದುಂಟು.

ಕುತ್ತಿಗೆ ಬಾಗಿದ ಗುಲಾಬಿಯನ್ನು ಕೂಡಲೆ ಎಸೆಯಬೇಡಿರಿ. ದಂಟಿನ ತುದಿಯನ್ನು ನೀರಿನೊಳಗೆ ಹಿಡಿದು ಒಂದು ಅಂಗುಲ ಓರೆಯಾಗಿ ಕತ್ತರಿಸಿ, ಹೂಸಹಿತ ಇಡೀ ದಂಟನ್ನು ಉಗುರುಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ಮಲಗಿಸಿರಿ. ಹೆಚ್ಚು ಹೊತ್ತು ಬಾಡದಿದ್ದರೆ ಅದು ತಾನಾಗಿ ತಲೆಯೆತ್ತುವುದು. ಆಮೇಲೆ ಎರಡು ದಿನಕ್ಕೊಮ್ಮೆ ಹೂದಾನಿಯನ್ನು ಉಜ್ಜಿ ತೊಳೆದು, ನೀರನ್ನು ಬದಲಿಸಿ, ತುದಿಯನ್ನು ಅರ್ಧ ಅಂಗುಲ ಕತ್ತರಿಸುತ್ತ ಬನ್ನಿರಿ.