ಪರದೆಯ ಮೇಲಿನ ಮುಖ, ಪರದೆಯ ಹಿಂದಿನ ಕೈ

(ಮಿಲ್ಲಿನ ಬಳಿಯ ವಾಚನಾಲಯದಲ್ಲಿ ನಾವು ಮಾಡಿದ ಭಾಷಣದ ಪಾಠ)

ಪಾಳಿ ಮುಗಿಸಿ ಬಂದವರು, ಅಂಗಡಿಯ ಬಾಗಿಲು ಎಳೆದು ಬಂದವರು ಇಲ್ಲಿ ಸೇರಿದ್ದೀರಿ. ಬೋನಸ್ಸಿನ ಮಾತು ಬಿಟ್ಟು ಮಕ್ಕಳಾಟದ ಮಾತನ್ನು ಎತ್ತಿಕೊಂಡಿದ್ದೇವೆಂದು ಕೆಲವರಿಗೆ ಬೇಸರವಾಗಬಹುದು. ಆದರೆ ಆ ಆಟ ಇಂದು ನಿಮ್ಮ ಮನೆಯೊಳಗೇ ಇದೆ. ಕೆಲವು ವರ್ಷ ಮಾಸ್ತರಿಕೆ ಮಾಡಿದ ನಮಗೆ ಒಂದು ಸಂಗತಿ ಗೊತ್ತು: ಹುಡುಗರು ಪಾಠವನ್ನು ಮರೆತಾರು, ಆಟದಲ್ಲಿ ಕಲಿತದ್ದನ್ನು ಮರೆಯರು.

ಹೋದ ವಾರ ಇದೇ ವಾಚನಾಲಯದಲ್ಲಿ ಒಬ್ಬ ಹುಡುಗ ಕೇಳಿದ: "ಮಾಸ್ತರೇ, ವಿಡಿಯೋ ಆಟಗಳಲ್ಲಿ ಈಗ ಕಪ್ಪು ಜನರನ್ನೂ ಹೆಂಗಸರನ್ನೂ ಬೇಕೆಂದೇ ತುರುಕುತ್ತಾರಂತೆ. ಎಲ್ಲರನ್ನೂ ಮೆಚ್ಚಿಸಲು ಹೋಗಿ ಆಟವನ್ನೇ ಕೆಡಿಸಿದ್ದಾರಂತೆ. ನಿಜವೇ?" ಪಶ್ಚಿಮದ ದೇಶಗಳಲ್ಲಿ ಈ ದೂರು ಹಳೆಯದು. ಯಾರ ಮನಸ್ಸೂ ನೋಯದಂತೆ ಅಳೆದು ತೂಗಿ ನಡೆಯುವುದಕ್ಕೆ ಅಲ್ಲಿ 'ಪೊಲಿಟಿಕಲ್ ಕರೆಕ್ಟ್‌ನೆಸ್' ಎಂದು ಹಂಗಿಸುತ್ತಾರೆ.

ಮೊದಲು ಲೆಕ್ಕ ನೋಡೋಣ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ವಿದ್ವಾಂಸರು 150 ಆಟಗಳಲ್ಲಿನ ಪಾತ್ರಗಳನ್ನು ಎಣಿಸಿದರು. ನೂರಕ್ಕೆ 85 ಪಾತ್ರಗಳು ಗಂಡಸರವು. ಆ ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 12ಕ್ಕೂ ಮಿಕ್ಕಿದ್ದ ಹಿಸ್ಪಾನಿಕ್ ಜನ ಆಟಗಳಲ್ಲಿ ನೂರಕ್ಕೆ ಮೂವರೂ ಇರಲಿಲ್ಲ. ಹೊರಗಿಟ್ಟರೆ ಸಹಜ, ಒಳಗೆ ಕರೆದರೆ ರಾಜಕೀಯ! ಇದೆಂಥ ನ್ಯಾಯ?

ಇನ್ನೊಂದು ಸಂಗತಿ. ಆಟ ಬದಲಾಯಿಸಲು ಯಂತ್ರಕ್ಕೆ ಸಿಕ್ಕಿಸುವ ಡಬ್ಬಿಯನ್ನು ನಮ್ಮ ಹುಡುಗರು 'ಕ್ಯಾಸೆಟ್' ಎನ್ನುತ್ತಿದ್ದರಲ್ಲ, ಅಂಥ ಯಂತ್ರವನ್ನು 1976ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಅಮೆರಿಕದ ಫೇರ್‌ಚೈಲ್ಡ್ ಕಂಪನಿ. ಅದನ್ನು ರೂಪಿಸಿದ ತಂಡದ ಮುಂದಾಳು ಜೆರ್ರಿ ಲಾಸನ್ ಎಂಬ ಕಪ್ಪು ಎಂಜಿನಿಯರು. ಮನೆ ಕಟ್ಟಿದವನೇ ಜಗಲಿ ಹತ್ತಬಾರದೆಂದರೆ ಹೇಗೆ?

2025ರಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 'ಅಸ್ಸಾಸಿನ್ಸ್ ಕ್ರೀಡ್ ಶ್ಯಾಡೋಸ್' ಎಂಬ ಆಟ ತಂದಿತು. ಕಥೆ 16ನೇ ಶತಮಾನದ ಜಪಾನಿನದು. ನಾಯಕರಿಬ್ಬರಲ್ಲಿ ಒಬ್ಬ ಯಾಸುಕೆ ಎಂಬ ಆಫ್ರಿಕದವನು. ಜಪಾನಿಗೆ ಕಪ್ಪು ವೀರ ಎಲ್ಲಿಂದ ಬಂದನೆಂದು ಗದ್ದಲವೆದ್ದಿತು. ಯಾಸುಕೆ ಕಟ್ಟುಕಥೆಯವನಲ್ಲ. 1581ರಲ್ಲಿ ಅವನು ಓಡಾ ನೊಬುನಾಗನೆಂಬ ದೊರೆಯ ಸೇವೆಗೆ ಸೇರಿದ್ದಕ್ಕೆ ಆ ಕಾಲದ ಪಾದ್ರಿಗಳ ಪತ್ರಗಳು ಸಾಕ್ಷಿ. ಅವನ ಪದವಿ ಯಾವುದೆಂಬ ವಾದ ವಿದ್ವಾಂಸರಲ್ಲಿರಲಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಜನರನ್ನು ಬಲ್ಲ ನಮಗಂತೂ ಇದರಲ್ಲಿ ಬೆರಗಿಲ್ಲ. ಅವರಲ್ಲಿ ಬಹುಮಂದಿಯ ಪೂರ್ವಿಕರನ್ನು ಆಫ್ರಿಕದಿಂದ ಗೋವೆಗೆ ತಂದದ್ದು ಪೋರ್ಚುಗೀಸರ ಹಡಗುಗಳೇ.

ಆದರೂ ಆ ಹುಡುಗನ ಸಂಶಯದಲ್ಲಿ ಒಂದು ಕಾಳು ಸತ್ಯವಿದೆ. ಕಂಪನಿಗಳು ಇದನ್ನು ಪುಣ್ಯಕ್ಕೆ ಮಾಡುವುದಿಲ್ಲ, ಗಿರಾಕಿಗಾಗಿ ಮಾಡುತ್ತವೆ. ಬೀದಿಗೆ ಕಾಣುವ ಗಾಜಿನ ಕಪಾಟು ಬೇರೆ, ಹಿಂದಿನ ಗೋದಾಮು ಬೇರೆ ಎಂಬುದನ್ನು ಅಂಗಡಿಕಾರರಾದ ನಿಮಗೆ ನಾವು ಹೇಳಬೇಕಾಗಿಲ್ಲ. 2016ರಲ್ಲಿ ಬಂದ 'ಓವರ್‌ವಾಚ್' ಆಟದಲ್ಲಿ ನಾನಾ ದೇಶಗಳ ಹೆಣ್ಣು ಗಂಡುಗಳಿದ್ದರು. ಹೈದರಾಬಾದಿನ ಕಡುಬಡತನದಲ್ಲಿ ಹುಟ್ಟಿದಳೆನ್ನುವ ಸತ್ಯಾ ವಾಸ್ವಾನಿಯೂ ಇದ್ದಳು. ಹೊಗಳಿಕೆ ಸಾಕಷ್ಟು ಬಂತು. ಕಪಾಟು ಚೆನ್ನಾಗಿಯೇ ಇತ್ತು. ಗೋದಾಮು? 2021ರಲ್ಲಿ ಕ್ಯಾಲಿಫೋರ್ನಿಯ ರಾಜ್ಯದ ಇಲಾಖೆಯೊಂದು, ಆ ಆಟದ ಒಡೆಯರಾದ ಆಕ್ಟಿವಿಷನ್ ಬ್ಲಿಝಾರ್ಡ್ ಕಂಪನಿಯಲ್ಲಿ ಹೆಂಗಸರಿಗೆ ಸಂಬಳ ಕಡಿಮೆ, ಕಿರುಕುಳ ಹೆಚ್ಚು ಎಂದು ದಾವೆ ಹೂಡಿತು. ಕಂಪನಿ ಅಲ್ಲಗಳೆಯಿತು. ನೌಕರರು ಕೆಲಸ ನಿಲ್ಲಿಸಿ ಹೊರಗೆ ಬಂದರು. 2023ರ ಕೊನೆಗೆ, ಕಂಪನಿ ತಪ್ಪು ಒಪ್ಪದೆಯೇ, ಸುಮಾರು 5 ಕೋಟಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಅದಕ್ಕೂ ಮೊದಲು, 2022ರ ಮೇ ತಿಂಗಳಲ್ಲಿ, ಇದೇ ಕಂಪನಿಗೆ ಸೇರಿದ ರೇವನ್ ಎಂಬ ಶಾಖೆಯಲ್ಲಿ ಆಟದ ಕುಂದುಗಳನ್ನು ಹುಡುಕುವ ಕೆಲಸದವರು ಸಂಘ ಬೇಕೆಂದು 19 ಮತ, ಬೇಡವೆಂದು 3 ಮತ ಹಾಕಿ ಸಂಘ ಕಟ್ಟಿಕೊಂಡರು. ಇದರ ಬೆಲೆ ಮಿಲ್ಲಿನವರಾದ ನಿಮಗೆ ತಿಳಿದೀತು.

ಹಾಗಾದರೆ ಸರಿಯಾದ ದಾರಿ ಇಲ್ಲವೇ? ಇದೆ. ಅಲಾಸ್ಕದಲ್ಲಿ ಇನ್ಯುಪಿಯಾಟ್ ಎಂಬ ಮೂಲನಿವಾಸಿ ಜನರಿದ್ದಾರೆ. 2014ರಲ್ಲಿ ಅಲ್ಲಿನ ಬುಡಕಟ್ಟುಗಳ ಸಂಸ್ಥೆಯೊಂದು ತಾನೇ ಹಣ ಹೂಡಿ, ಆಟ ಮಾಡಬಲ್ಲವರನ್ನು ಜೊತೆಗೆ ಕೂಡಿಸಿಕೊಂಡು 'ನೆವರ್ ಅಲೋನ್' ಎಂಬ ಆಟ ಹೊರತಂದಿತು. ಹಿಮಗಾಳಿ ಎಲ್ಲಿಂದ ಹುಟ್ಟುತ್ತದೆಂದು ಹುಡುಕಿಹೋಗುವ ಹುಡುಗಿ, ಅವಳ ಜೊತೆಗೊಂದು ಬಿಳಿಯ ನರಿ. ಕಥೆ ಹೇಳುವ ದನಿ ಅವರ ಸ್ವಂತ ಭಾಷೆಯದು. ಹಳೆಯ ಕಥೆಯ ಹುಡುಗನನ್ನು ಹುಡುಗಿಯಾಗಿ ಮಾಡುವಾಗ ಹಿರಿಯರ ಒಪ್ಪಿಗೆ ಪಡೆದರು. ಅಲ್ಲಿ ಯಾರೂ ಯಾರನ್ನೂ ತುರುಕಲಿಲ್ಲ. ತಮ್ಮ ಕಥೆಯನ್ನು ತಾವೇ ಹೇಳಿಕೊಂಡರು. ಇದಕ್ಕೆ ಪ್ರಾತಿನಿಧ್ಯವೆಂದು ಹೆಸರು.

ಆದುದರಿಂದ ಆ ಹುಡುಗನಿಗೆ ನಾವು ಕೊಟ್ಟ ಉತ್ತರವನ್ನೇ ನಿಮಗೂ ಹೇಳುತ್ತೇವೆ. ಪರದೆಯ ಮೇಲೆ ಬೇರೆ ಮೈಬಣ್ಣದ ಮುಖ ಕಂಡರೆ ಸಿಡುಕಬೇಡ. ಆ ಜಾಗ ಅವರಿಗೆ ತಡವಾಗಿ ಸಿಕ್ಕಿದೆ. ಆದರೆ ಮುಖ ಕಂಡಿತೆಂದು ಚಪ್ಪಾಳೆ ತಟ್ಟಿ ಸುಮ್ಮನಾಗಲೂ ಬೇಡ. ಆಟ ಮಾಡುವ ಕೊಠಡಿಯಲ್ಲಿ ಆ ಜನರಿಗೆ ಕುರ್ಚಿ ಇದೆಯೇ, ಸಮನಾದ ಸಂಬಳವಿದೆಯೇ, ಬೇಡವೆನ್ನುವ ಅಧಿಕಾರವಿದೆಯೇ ಎಂದು ಕೇಳು.

ಆ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮಂಥವರೂ ಆಟ ಮಾಡುವುದನ್ನು ಕಲಿಯಬಹುದೇ?" ಎಂದ. ಬಂಧುಗಳೇ, ಅವನ ತಂದೆ ನಿಮ್ಮ ಮಧ್ಯದಲ್ಲೇ ಕುಳಿತಿದ್ದಾರೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ನಾವೆಲ್ಲರೂ.